ಭುಜಬಲಿಯಣ್ಣನ ಮೀನು ಹಾರ್ನ್

ಭುಜಬಲಿಯಣ್ಣ ಯಾವ ಕೆಲಸಕ್ಕೆ ಕೈಹಾಕುವ ಮೊದಲೂ ಸೂರ್ಯನ ಕಡೆಗೆ ಕೈ ಚಾಚುತ್ತಿದ್ದರು. ನಮಸ್ಕಾರಕ್ಕಲ್ಲ, ಅಳತೆಗೆ. ತೋಳನ್ನು ಉದ್ದಕ್ಕೆ ನೀಡಿ, ಬೆರಳುಗಳನ್ನು ಅಡ್ಡ ಹಿಡಿದು, ಸೂರ್ಯನಿಗೂ ಪಡುವಣದ ಮರಗಳ ತಲೆಗೂ ನಡುವೆ ಎಷ್ಟು ಬೆರಳು ಹಿಡಿಸುತ್ತದೆಂದು ಒಂದು ಕಣ್ಣು ಮುಚ್ಚಿ ನೋಡುವರು. ಒಂದು ಕೈ ಸಾಲದಿದ್ದರೆ ಅದರ ಕೆಳಗೆ ಇನ್ನೊಂದು ಕೈ. “ಏಳು ಬೆರಳು ಉಂಟು, ಆಗ್ತದೆ” ಎಂದರೆ ನಿಮ್ಮ ಗಾಡಿ ಇವತ್ತೇ ರಿಪೇರಿ. “ಮೂರೇ ಉಂಟು, ನಾಳೆ ಬನ್ನಿ” ಎಂದರೆ ಮುಗಿಯಿತು. ಮಂತ್ರಿಗಳ ಕಾರು ಬಂದು ನಿಂತರೂ ನಾಳೆಯೇ.

ಕಾರಣ ದೊಡ್ಡದೇನಲ್ಲ. ಅವರು ಜೈನರು, ಅದರಲ್ಲೂ ಹಳೆಯ ಕಟ್ಟುನಿಟ್ಟಿನವರು. ಹೊತ್ತು ಮುಳುಗಿದ ಮೇಲೆ ಅನ್ನ ಇಲ್ಲ, ನೀರೂ ಇಲ್ಲ. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹಿಂದೆ ಅವರದೊಂದು ಸಣ್ಣ ಅಂಗಡಿ. ಲಾರಿ, ಬಸ್ಸು, ಸ್ಕೂಟರುಗಳ ವಯರಿಂಗ್, ಸೆಲ್ಫ್, ಹಾರ್ನ್ ರಿಪೇರಿ. ಸಂಜೆಯಾಗುತ್ತಲೇ ಹೆಂಡತಿ ಪದ್ಮಕ್ಕ ಕೊಟ್ಟ ಸ್ಟೀಲಿನ ಡಬ್ಬಿ ಬಿಚ್ಚಿ, ಹಳೆಯ ಬ್ಯಾಟರಿಗಳ ನಡುವೆ ಕೂತು ಊಟ ಮಾಡಿ, ಒಂದು ಚೊಂಬು ನೀರು ಕುಡಿದು, ಅಲ್ಲಿಗೆ ಆ ದಿನದ ಬಾಯಿಗೆ ಬಾಗಿಲು ಹಾಕಿಬಿಡುತ್ತಿದ್ದರು. ಕೈಯಲ್ಲಿ ವಾಚು ಇರಲಿಲ್ಲವೆಂದಲ್ಲ. ಮಗಳು ತಂದುಕೊಟ್ಟ ಒಳ್ಳೆಯ ವಾಚು ಇತ್ತು. ಮತ್ತೆ ಈ ಬೆರಳ ಲೆಕ್ಕ ಯಾಕೆ ಎಂದು ಕೇಳಿದರೆ, “ವಾಚು ನಿಲ್ತದೆ ಟೀಚರ್. ಅದು ನಿಂತದ್ದುಂಟಾ?” ಎಂದು ಪಡುವಣಕ್ಕೆ ಗಲ್ಲ ತಿರುಗಿಸುವರು.

ಹೆಸರು ಭುಜಬಲಿ, ಆದರೆ ಭುಜ ಎಲ್ಲಿದೆ ಎಂದು ಹುಡುಕಬೇಕು. ಅಂಗಿಯನ್ನು ಗೂಟಕ್ಕೆ ಸಿಕ್ಕಿಸಿದ ಹಾಗೆ ಒಂದು ಶರೀರ. ದಿನವಿಡೀ ಹಾರ್ನ್ ರಿಪೇರಿ ಮಾಡುವ ಈ ಮನುಷ್ಯ ತಮ್ಮ ಸ್ಕೂಟರಿನ ಹಾರ್ನನ್ನು ಒತ್ತಿದ್ದನ್ನು ಯಾರೂ ಕೇಳಿದವರಿಲ್ಲ. ಮುಂದೆ ದನ ಮಲಗಿದ್ದರೆ ಅದು ಏಳುವವರೆಗೆ ಕಾಲೂರಿ ನಿಲ್ಲುವರು. “ಹಾರ್ನ್ ಅಂದ್ರೆ ಬೈಗುಳ. ದಿನಾ ಬೈದರೆ ಯಾರು ಕೇಳ್ತಾರೆ? ಬೇಕಾದಾಗ ಒಮ್ಮೆ ಬೈದರೆ ಸಾಕು” ಎನ್ನುವುದು ಅವರ ಮಾತು. ನನ್ನನ್ನು ನೋಡಿಕೊಂಡೇ ಹೇಳುತ್ತಿದ್ದರು ಎಂದು ನನಗೆ ಅನುಮಾನ, ಯಾಕೆಂದರೆ ನನ್ನ ಬಾಯಿ ಸ್ವಲ್ಪ ಜಾಸ್ತಿ. ಪ್ರೈಮರಿ ಶಾಲೆಯ ಟೀಚರಿಗೆ ಬಾಯಿ ಇಲ್ಲದಿದ್ದರೆ ಸಂಬಳ ಕೊಡುವುದಾದರೂ ಯಾತಕ್ಕೆ ಎಂದು ನಾನೂ ಬಿಡುತ್ತಿರಲಿಲ್ಲ.

ನನ್ನ ತವರು ಮೂಡುಬಿದಿರೆ, ಕೊಟ್ಟದ್ದು ಬಂಟ್ವಾಳಕ್ಕೆ. ನಮ್ಮ ಮನೆ ನೇತ್ರಾವತಿಯ ಈಚೆ ದಡ, ಶಾಲೆ ಆಚೆ ದಡ. ಕಡವಿನಲ್ಲಿ ದೋಣಿ ಹತ್ತಿದರೆ ಒಂದು ಎಲೆ ಅಡಿಕೆ ಜಗಿದು ಮುಗಿಯುವುದರೊಳಗೆ ಶಾಲೆಯ ಬುಡಕ್ಕೆ ಮುಟ್ಟಬಹುದು. ದೋಣಿ ಇಲ್ಲದಿದ್ದರೆ ಸೇತುವೆ ಸುತ್ತಿ ಎರಡು ಬಸ್ಸು ಬದಲಿಸಿ ಹೋಗಬೇಕು. ಅಷ್ಟರಲ್ಲಿ ನನ್ನ ಎರಡನೇ ಕ್ಲಾಸಿನ ಮಕ್ಕಳು ಶಾಲೆಯನ್ನೇ ಕಿತ್ತು ಹೊಳೆಗೆ ಹಾಕಿರುತ್ತವೆ. ಆ ಮಕ್ಕಳಲ್ಲಿ ಅರ್ಧ ಈಚೆ ದಡದವೇ, ಅವೂ ನನ್ನ ಜೊತೆ ಅದೇ ದೋಣಿಯಲ್ಲಿ ಬರುವಂಥವು.

ದೋಣಿ ಹಮೀದಾಕನದು. ಹಮೀದ್ ಬ್ಯಾರಿ, ನಮಗೆಲ್ಲ ಹಮೀದಾಕ. ಅವರ ಅಪ್ಪ ಬಿದಿರಿನ ಜಲ್ಲೆ ಹಾಕಿ ದಾಟಿಸುತ್ತಿದ್ದರು, ಇವರು ಡೀಸೆಲ್ ಇಂಜಿನ್ ಕೂರಿಸಿದರು. ವರ್ಷಗಟ್ಟಲೆ ಆ ಇಂಜಿನಿನ ಪಕ್ಕ ನಿಂತು ಕಿವಿ ಹೋಗಿಬಿಟ್ಟಿತ್ತು. ಹೊಳೆಯ ನೀರನ್ನೇ ಕೊಳವೆಯಲ್ಲಿ ಎಳೆದುಕೊಂಡು ತಣ್ಣಗಾಗುವ ಇಂಜಿನ್ ಅದು. ಒಮ್ಮೆ ಒಂದು ಪ್ಲಾಸ್ಟಿಕ್ ಚೀಲ ಹೋಗಿ ಕೊಳವೆಯ ಬಾಯಿಗೆ ಕೂತಿತು. ನೀರು ನಿಂತಿತು, ಬಿಸಿ ಏರಿತು. ಬಿಸಿ ತೋರಿಸುವ ಮೀಟರು ಇದ್ದೇ ಇತ್ತು, ಆದರೆ ಅದರ ಮೇಲೆ ಮಕ್ಕಳ ಚೀಲಗಳು, ಮೀನು ಮಾರುವ ಗಿರಿಜಕ್ಕನ ಬುಟ್ಟಿ, ಯಾರದೋ ಕೋಳಿ. ಹಮೀದಾಕ ನೀರು ನೋಡಿಕೊಂಡು ಮಾತಾಡುತ್ತಿದ್ದರು. ಇಂಜಿನ್ ಕಿರುಚಿದ್ದು ನಮಗೆಲ್ಲ ಕೇಳಿತು, ಅವರಿಗೆ ಕೇಳಲಿಲ್ಲ. ಪಿಸ್ಟನ್ ಹಿಡಿದುಕೊಂಡು ದೋಣಿ ನಡುನೀರಿನಲ್ಲಿ ನಿಂತು, ಮೆಲ್ಲಗೆ ತಿರುಗುತ್ತ ಕೆಳಗಿನ ಬಂಡೆಗಳ ಕಡೆಗೆ ಹೊರಟಿತು. ಜಲ್ಲೆ ಊರಿ ಹೇಗೋ ದಡ ಸೇರಿದೆವು. ಮಕ್ಕಳು ಖುಷಿಯಲ್ಲಿದ್ದವು, ನಾನು ಮಾತ್ರ ದಡದಲ್ಲಿ ಅವುಗಳ ತಲೆಯನ್ನು ಎರಡೆರಡು ಸಲ ಎಣಿಸಿದೆ.

ಪಂಚಾಯತಿನವರು ಬಂದು ನೋಡಿ, “ಇನ್ನೊಮ್ಮೆ ನಡುನೀರಿನಲ್ಲಿ ಇಂಜಿನ್ ಹೋದರೆ ದೋಣಿ ಬಂದ್” ಎಂದು ಹೇಳಿ ಹೋದರು. ಇಂಜಿನ್ ಬಿಚ್ಚಿ ಹೊಸ ಪಿಸ್ಟನ್ ಹಾಕಿಸಿದ ಹಮೀದಾಕ ನನ್ನ ಹತ್ತಿರ ಬಂದು ಕೂತರು. “ಟೀಚರ್, ಕಣ್ಣಿಗೆ ನೀರು ನೋಡುವ ಕೆಲಸ ಉಂಟು. ಮೀಟರ್ ನೋಡ್ಲಿಕ್ಕೆ ಇನ್ನೊಂದು ಕಣ್ಣು ಎಲ್ಲಿಂದ ತರುವುದು? ಬಿಸಿ ಆದರೆ ಕೂಗಿ ಹೇಳುವಂಥದ್ದು ಎಂತಾದರೂ ಸಿಗ್ತದಾ?” ಎಂದರು. ಕೂಗುವ ವಿಷಯ ಬಂದದ್ದೇ ನನಗೆ ಭುಜಬಲಿಯಣ್ಣನ ನೆನಪಾಯಿತು.

ಅಂಗಡಿಗೆ ಹೋಗಿ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಮೀನು ಹಿಡಿಯುವ ದೋಣಿಯಾ?”

“ಅಲ್ಲ, ಜನ ದಾಟಿಸುವುದು.”

“ಹಾಗಾದ್ರೆ ಬರುವ” ಎಂದು ಸೂರ್ಯನನ್ನು ಅಳೆದರು. ಭಾನುವಾರ ಬೆಳಿಗ್ಗೆ ಸಿದ್ಧಕಟ್ಟೆ ಮಾರ್ಗವಾಗಿ ಸ್ಕೂಟರಿನಲ್ಲಿ ಬಂದಿಳಿದರು. ಹೆಗಲಿಗೆ ಹತ್ಯಾರಿನ ಚೀಲ, ಮುಂದೆ ಕೊಕ್ಕೆಯಲ್ಲಿ ಊಟದ ಡಬ್ಬಿ. ನಾನು ಜನ ದಾಟಿಸುವ ದೋಣಿ ಎಂದದ್ದು ನಿಜವಾದರೂ, ಅವರು ಹತ್ತುವಾಗ ಗಿರಿಜಕ್ಕ ತುಂಬಿದ ಬುಟ್ಟಿಯೊಡನೆ ನಡುವಿನಲ್ಲೇ ಕೂತಿದ್ದಳು. ಭುಜಬಲಿಯಣ್ಣ ಮೂಗಿಗೆ ಕರವಸ್ತ್ರ ಹಿಡಿದರೆ ಅವಳಿಗೆ ಬೇಸರವಾದೀತೆಂದು, ಶೀತವಾದವರ ಹಾಗೆ ಆಗಾಗ ಮೂಗು ಒರೆಸಿಕೊಳ್ಳುತ್ತ ಆಚೆ ತುದಿಯಲ್ಲಿ ಕೂತರು. ಗಿರಿಜಕ್ಕ ಪಾಪ, “ಅಣ್ಣಾ, ಶೀತಕ್ಕೆ ಏಡಿ ಸಾರು ಒಳ್ಳೇದು” ಎಂದಳು.

ಕೆಲಸ ನೋಡಲಿಕ್ಕೆ ಸುಲಭದ್ದು. ಬಿಸಿ ಒಂದು ಮಟ್ಟ ದಾಟಿದರೆ ತಾನಾಗಿ ಕೂಡಿಕೊಳ್ಳುವ ಬೆರಳುದ್ದದ ಸ್ವಿಚ್ಚು, ಲಾರಿಗಳಲ್ಲಿ ಇರುವಂಥದ್ದು. ಅದನ್ನು ಇಂಜಿನಿನ ತಲೆಗೆ ತಿರುಪಿ, ವಯರು ಎಳೆದು, ಬ್ಯಾಟರಿಗೂ ಒಂದು ಪೀಪಿಗೂ ಜೋಡಿಸುವುದು. ಭುಜಬಲಿಯಣ್ಣ ಸ್ವಿಚ್ಚನ್ನು ಮೊದಲು ದಡದಲ್ಲಿ ಚಾದ ಪಾತ್ರೆಯೊಳಗೆ ಕುದಿಸಿ, ಅದು ಸರಿಯಾದ ಬಿಸಿಗೆ ಕೂಡುತ್ತದೋ ಎಂದು ನೋಡಿದರು. ಆ ಚಾ ಆಮೇಲೆ ಯಾರೂ ಕುಡಿಯಲಿಲ್ಲ. ಅದಾದ ಮೇಲೆ ನಾವು ಕೇಳದ ಇನ್ನೊಂದು ಕೆಲಸ ಮಾಡಿದರು. ಹೊಳೆಯ ನೀರು ಪಂಪಿಗೆ ಹೋಗುವ ದಾರಿಯಲ್ಲಿ ಮುಚ್ಚಳವಿರುವ ಒಂದು ಡಬ್ಬಿ ಕೂರಿಸಿ, ಒಳಗೆ ಚಾ ಸೋಸುವಂಥ ಸಣ್ಣ ಜಾಲರಿ ಹಾಕಿದರು.

“ಇದು ಎಂತಕ್ಕೆ?” ಎಂದೆ.

“ಮೀನಿನ ಮರಿ ಪಂಪಿಗೆ ಹೋಗ್ತದಲ್ಲ ಟೀಚರ್. ಅದಕ್ಕೆಂತ ಆಚೆ ದಡದಲ್ಲಿ ಕೆಲಸ ಉಂಟಾ?”

ಗಿರಿಜಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಪೀಪಿ ಹಾಕಿ ಪರೀಕ್ಷೆ ಮಾಡಿದಾಗ ಕಷ್ಟ ಶುರುವಾಯಿತು. ಅದು ಕೀ ಎಂದು ಕೂಗಿದ್ದು ಆಚೆ ದಡದ ನಾಯಿಗಳಿಗೂ ಕೇಳಿತು, ಅವು ತಿರುಗಿ ಬೊಗಳಿದವು. ಹಮೀದಾಕ ಮಾತ್ರ, “ಎಂತ, ಹಾಕಿ ಆಯ್ತಾ? ಕೂಗ್ಲಿ ನೋಡುವ” ಎಂದು ಕಾಯುತ್ತ ನಿಂತಿದ್ದರು. ಅವರ ಕಿವಿಯಲ್ಲಿ ತೆಳು ಸ್ವರಗಳೆಲ್ಲ ಸತ್ತುಹೋಗಿದ್ದವು. ಲಾರಿ ರಿವರ್ಸ್ ಹೋಗುವಾಗ ಹಾಡುವ ಹಾರ್ನ್ ಹಾಕಿದರೆ ಮಕ್ಕಳು ದೋಣಿಯಲ್ಲಿ ಕುಣಿಯಲಾರಂಭಿಸಿದವು, ಅವರಿಗೆ ಅದೂ ಕೇಳಲಿಲ್ಲ. ಬಸ್ಸಿನ ಹಾರ್ನ್ ಹಾಕಿದರೆ ಗಿರಿಜಕ್ಕನ ಬುಟ್ಟಿಯೇ ಹೊಳೆಗೆ ಬೀಳುವುದರಲ್ಲಿತ್ತು. ಹಮೀದಾಕ ತಲೆ ಕೆರೆದುಕೊಂಡು, “ದೂರದಲ್ಲಿ ಎಂತದೋ ಆದ ಹಾಗೆ ಆಯ್ತು” ಎಂದರು.

ಭುಜಬಲಿಯಣ್ಣ ಪಡುವಣಕ್ಕೆ ಕೈ ಚಾಚಿದರು. “ಇವತ್ತಿಗೆ ಸಾಕು.”

ನನಗೆ ರೇಗಿತು. “ಸೂರ್ಯ ಅಷ್ಟು ಮೇಲೆ ಉಂಟು, ಈಗಲೇ ಎದ್ದರೆ ಹೇಗೆ? ನಾಳೆ ಬೆಳಿಗ್ಗೆ ಇದೇ ದೋಣಿಯಲ್ಲಿ ಮಕ್ಕಳನ್ನು ಕೂರಿಸಬೇಕು ನಾನು” ಎಂದೆ.

“ಅವಸರ ಯಾರಿಗೆ ಟೀಚರ್, ನಿಮಗೋ ಸೂರ್ಯನಿಗೋ?” ಎಂದು ಚೀಲ ಕಟ್ಟತೊಡಗಿದರು. ಅಷ್ಟರಲ್ಲಿ ಮೇಲೆ ರಸ್ತೆಯಲ್ಲಿ, ಮರಗಳಾಚೆ, ಮೀನಿನ ಸ್ಕೂಟರೊಂದು ಹೋಯಿತು. ನಮ್ಮ ಕಡೆ ಮೀನು ಮಾರುವವರು ಸ್ಕೂಟರಿಗೆ ಕಟ್ಟಿಕೊಳ್ಳುವ ಹಾರ್ನ್ ನಿಮಗೆ ಗೊತ್ತಿರಬಹುದು. ಗಂಟಲು ಕಟ್ಟಿದ ದಪ್ಪ ಸ್ವರ, ಪೋಂಯ್ ಪೋಂಯ್. ಹಮೀದಾಕ ಇಂಜಿನ್ ಒರೆಸುತ್ತಿದ್ದವರು ಥಟ್ಟನೆ ಕತ್ತೆತ್ತಿ, “ಇವ ಇಷ್ಟು ತಡ ಮಾಡಿ ಬಂದದ್ದು ಯಾಕೆ? ಬೂತಾಯಿ ಉಂಟೋ ಏನೋ” ಎಂದರು.

ಭುಜಬಲಿಯಣ್ಣನ ಕೈ ಚೀಲದ ಹಗ್ಗದಲ್ಲೇ ನಿಂತಿತು. ಒಮ್ಮೆ ರಸ್ತೆಯನ್ನು ನೋಡಿದರು, ಒಮ್ಮೆ ಹಮೀದಾಕನನ್ನು. “ಸಿಕ್ಕಿತು ಟೀಚರ್. ಇವರಿಗೆ ಕಿವಿ ಇರುವುದು ಹೊಟ್ಟೆಯಲ್ಲಿ” ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿ ಸ್ಕೂಟರ್ ಹತ್ತಿದರು.

ಮುಂದಿನದ್ದು ನಾನು ಕಣ್ಣಾರೆ ನೋಡಿದ್ದಲ್ಲ, ಪದ್ಮಕ್ಕ ಫೋನಿನಲ್ಲಿ ಗೋಳಾಡಿದ್ದು. ಬೆಳ್ತಂಗಡಿಯ ಆಚೆ ಲಾಯಿಲದ ಗುಜರಿ ಅಂಗಡಿಯಿಂದ, ಚಾರ್ಮಾಡಿ ಘಾಟಿ ಹತ್ತಿ ಹತ್ತಿ ಗಂಟಲು ಕೆಟ್ಟ ಯಾವುದೋ ಲಾರಿಯ ಹಾರ್ನ್ ತಂದರು. ಅದರ ಹಿಂದಿನ ತಿರುಪನ್ನು ಅಷ್ಟಷ್ಟೇ ತಿರುಗಿಸಿ ಮೀನಿನ ಹಾರ್ನಿನ ಸ್ವರಕ್ಕೆ ಕೂಡಿಸಬೇಕು. ಕೂಡಿಸುವುದಕ್ಕೆ ಅಸಲಿ ಸ್ವರ ಬೇಕಲ್ಲ. ಮೀನಿನ ಸ್ಕೂಟರಿನವನನ್ನು ತಮ್ಮ ಅಂಗಡಿಯ ಮುಂದೆ ನಿಲ್ಲಿಸಿಕೊಂಡು, “ಇನ್ನೊಮ್ಮೆ ಒತ್ತು ಮಾರಾಯ, ಇನ್ನೊಮ್ಮೆ” ಎಂದು ಒತ್ತಿಸಿಕೊಂಡು, ಇವರು ಒಳಗೆ ತಿರುಪು ತಿರುಗಿಸಿ ತಮ್ಮದನ್ನು ಕೂಗಿಸುವರು. ಅವನದು ಪೋಂಯ್, ಇವರದು ಪೋಂಯ್. ಸುತ್ತಲಿನ ಬೆಕ್ಕುಗಳೆಲ್ಲ ಬಂದು ಸಾಲಾಗಿ ಕೂತವು. ಹೆಂಗಸರು ಪಾತ್ರೆ ಹಿಡಿದು ಹೊರಗೆ ಬಂದರು. ಬಸದಿಗೆ ಹೋಗುವವರು ನಿಂತು ನೋಡಿದರು. ಸಂಜೆಯೊಳಗೆ ಇಡೀ ಪೇಟೆಗೆ ಸುದ್ದಿ: ಭುಜಬಲಿ ಮೀನು ತೆಗೆದುಕೊಳ್ಳುತ್ತಿದ್ದಾನೆ, ಅದೂ ಚೌಕಾಸಿ ಮಾಡಿ.

“ಟೀಚರ್, ನಮ್ಮವರು ತಂದದ್ದು ಎಂತ ಅಂತ ನೀವೇ ಬಂದು ಎಲ್ಲರಿಗೂ ಹೇಳಬೇಕು. ನನಗೆ ಬಸದಿಗೆ ಹೋಗ್ಲಿಕ್ಕೆ ಮುಖ ಇಲ್ಲ” ಎಂದರು ಪದ್ಮಕ್ಕ. ಹಿರಿಯರೊಬ್ಬರು ಅಂಗಡಿಗೇ ಬಂದು ವಿಚಾರಿಸಿದರಂತೆ. ಭುಜಬಲಿಯಣ್ಣ ಎದ್ದು ನಿಂತು, ಕೈಯ ಮಸಿ ಒರೆಸಿಕೊಂಡು, “ಮೀನು ತರಲಿಲ್ಲ. ಮೀನಿನ ಸ್ವರ ಮಾತ್ರ ತಂದದ್ದು” ಎಂದರಂತೆ.

“ಮೀನಿಗೆ ಸ್ವರ ಉಂಟಾ?”

“ಬಂಟ್ವಾಳದಲ್ಲಿ ಉಂಟು.”

ಮುಂದಿನ ಭಾನುವಾರ ಹಾರ್ನ್ ದೋಣಿಗೆ ಏರಿತು. ಬಿಸಿಯಾದರೆ ಒಂದೇ ಸಮನೆ ಕೂಗದೆ ಬಿಟ್ಟು ಬಿಟ್ಟು ಕೂಗಲೆಂದು ಕಾರಿನ ಇಂಡಿಕೇಟರಿನ ಫ್ಲಾಶರನ್ನು ನಡುವೆ ಸೇರಿಸಿದ್ದರು. ನಡುಹೊಳೆಯಲ್ಲಿ ವಯರು ಮುಟ್ಟಿಸಿ ಪರೀಕ್ಷೆ ಮಾಡಿದರು. ಪೋಂಯ್ ಪೋಂಯ್. ಹಮೀದಾಕ ನೀರು ನೋಡುವುದನ್ನು ಬಿಟ್ಟು ಸರಕ್ಕನೆ ತಿರುಗಿದರು. ಆಚೆ ದಡದಲ್ಲಿ ಇಬ್ಬರು ಹೆಂಗಸರು ಬಟ್ಟಲು ಹಿಡಿದು ಇಳಿದು ಬಂದರು. ಗಿರಿಜಕ್ಕ ಬುಟ್ಟಿ ತಬ್ಬಿಕೊಂಡು ಎದ್ದು, “ನನ್ನ ಕಡವಿಗೆ ಬಂದು ಮೀನು ಮಾರುವ ಧೈರ್ಯ ಯಾರಿಗೆ ಬಂತು?” ಎಂದು ನಾಲ್ಕೂ ದಿಕ್ಕಿಗೆ ಕಣ್ಣು ಬಿಟ್ಟಳು. ಆವತ್ತು ನಾವು ನಕ್ಕ ನಗುವಿಗೆ ದೋಣಿಯೊಳಗೆ ನೀರು ಬಂತು.

ಕೀ ತಿರುಗಿಸಿದಾಗಲೆಲ್ಲ ಹಾರ್ನ್ ಒಮ್ಮೆ ಕೂಗಿ ಸುಮ್ಮನಾಗುವ ಹಾಗೆಯೂ ಮಾಡಿದ್ದರು. ಅದು ಯಾಕೆಂದು ಹಮೀದಾಕ ಕೇಳಿದ್ದಕ್ಕೆ, “ಕಷ್ಟ ಬಂದಾಗ ಮಾತ್ರ ಮಾತಾಡ್ತೇನೆ ಅನ್ನುವವನನ್ನು ನಂಬುವುದು ಹೇಗೆ? ಬದುಕಿದ್ದಾನೋ ಇಲ್ಲವೋ ಗೊತ್ತಾಗಬೇಕಲ್ಲ. ದಿನಾ ಬೆಳಿಗ್ಗೆ ಒಮ್ಮೆ ನಾನಿದ್ದೇನೆ ಅಂತ ಹೇಳ್ಲಿ” ಎಂದರು. ಹಮೀದಾಕನಿಗೆ ಈ ಮಾತು ಬಹಳ ಹಿಡಿಸಿತು. ಆಮೇಲೆ ಯಾರು ದೋಣಿ ಹತ್ತಿದರೂ ಅದನ್ನು ತನ್ನದೇ ಮಾತಿನ ಹಾಗೆ ಹೇಳುತ್ತಿದ್ದರು.

ಹಾರ್ನ್ ನಿಜವಾಗಿ ಕೂಗಿದ್ದು ಆ ಬೇಸಿಗೆಯಲ್ಲಿ. ಕೆಳಗೆ ಅಣೆಕಟ್ಟಿನ ಬಾಗಿಲು ಹಾಕಿ ಹೊಳೆ ಕೆರೆಯ ಹಾಗೆ ನಿಂತಿತ್ತು, ನೀರಿನ ತುಂಬ ಕಳೆ. ರಂಜಾನ್ ತಿಂಗಳು. ಹಮೀದಾಕ ದಿನವಿಡೀ ಉಪವಾಸ ಇದ್ದುಕೊಂಡೇ ದಾಟಿಸುತ್ತಿದ್ದರು. ಭುಜಬಲಿಯಣ್ಣ ಹಾರ್ನ್ ಹೇಗಿದೆ ಎಂದು ನೋಡಲು ಬಂದವರು, ಆಚೆ ದಡದಲ್ಲಿ ಯಾರದೋ ಪಂಪಿನ ವಯರು ಸರಿಮಾಡಿ, ಸಂಜೆ ನಮ್ಮೊಡನೆ ಹಿಂದೆ ಬರುತ್ತಿದ್ದರು. ಊಟದ ಡಬ್ಬಿ ತೊಡೆಯ ಮೇಲಿತ್ತು. ಈಚೆ ದಡದ ಅಶ್ವತ್ಥಕಟ್ಟೆಯಲ್ಲಿ ಕೂತು ಉಣ್ಣುವುದೆಂದು ಲೆಕ್ಕ. ಇಬ್ಬರೂ ಪಡುವಣಕ್ಕೆ ನೋಡಿಕೊಂಡು ಕೂತಿದ್ದರು. ಒಬ್ಬರಿಗೆ ಸೂರ್ಯ ಬೇಗ ಮುಳುಗಬೇಕು, ಇನ್ನೊಬ್ಬರಿಗೆ ಸ್ವಲ್ಪ ಹೊತ್ತು ನಿಲ್ಲಬೇಕು.

“ಎಷ್ಟು ಬೆರಳು?” ಎಂದು ಹಮೀದಾಕ ಕೈಸನ್ನೆಯಲ್ಲಿ ಕೇಳಿದರು.

ಭುಜಬಲಿಯಣ್ಣ ಅಳೆದು ಎರಡು ಬೆರಳು ತೋರಿಸಿದರು. ಇಬ್ಬರಿಗೂ ಸಮಾಧಾನವಾದ ಹಾಗೆ ಕಂಡಿತು.

ಆಗ ಪೋಂಯ್ ಪೋಂಯ್ ಎಂದು ಶುರುವಾಯಿತು. ಹಮೀದಾಕ ತಿರುಗಿದ್ದೇ ಇಂಜಿನ್ ಬಂದ್ ಮಾಡಿದರು. ಹಳೆಯ ಕಾಲವಾಗಿದ್ದರೆ ಇನ್ನೂ ಅರ್ಧ ಹೊಳೆ ಓಡಿಸಿ ಪಿಸ್ಟನ್ ಸುಡುತ್ತಿದ್ದರು. ದೋಣಿಯಲ್ಲಿ ನಾನು, ಗಿರಿಜಕ್ಕ, ಕೆಲಸ ಮುಗಿಸಿ ಹೊರಟ ನಾಲ್ಕಾರು ಜನ. ಎಲ್ಲರ ತಲೆಯಲ್ಲೂ ಪಂಚಾಯತಿನವರ ಮಾತೇ ಇತ್ತು. ಜಲ್ಲೆ ಊರಿ ದಡ ಸೇರಿದರೆ, ಕಟ್ಟೆಯ ಮೇಲೆ ಕೂತ ಜನ ನೋಡುತ್ತಾರೆ, ಬೆಳಗಾಗುವುದರೊಳಗೆ ದೋಣಿ ಬಂದ್.

ಭುಜಬಲಿಯಣ್ಣ ಡಬ್ಬಿಯನ್ನು ಪಕ್ಕಕ್ಕಿಟ್ಟು ಇಂಜಿನಿನ ಬಳಿ ಕೂತರು. ನೀರಿನ ಡಬ್ಬಿಯ ಮುಚ್ಚಳ ಬಿಚ್ಚಿ ನೋಡಿ, “ಜಾಲರಿ ಸಣ್ಣ ಆಯ್ತು. ಕಳೆ ಎಲ್ಲ ಬಂದು ಕೂತಿದೆ. ತಪ್ಪು ನಂದೇ” ಎಂದರು. ಮೀನಿನ ಮರಿ ಹೋಗಬಾರದೆಂದು ಅವರು ಹಾಕಿದ ಜಾಲರಿಯೇ ನೀರನ್ನು ತಡೆದಿತ್ತು.

“ನೀವು ಮೊದಲು ಉಣ್ಣಿ. ಹೇಗೂ ಇಂಜಿನ್ ತಣಿಯಬೇಕಲ್ಲ” ಎಂದೆ. ಗಿರಿಜಕ್ಕನೂ, “ಉಣ್ಣಿ ಅಣ್ಣ, ನಾವು ಎಲ್ಲಿಗೂ ಓಡಿ ಹೋಗುವುದಿಲ್ಲ” ಎಂದಳು. ಹೌದೆನಿಸಿತೋ ಏನೋ, ಕೈ ತೊಳೆದು ಊಟದ ಡಬ್ಬಿ ಬಿಚ್ಚಿದರು. ಬಿಚ್ಚಿದ ಮುಚ್ಚಳ ಕೈಯಲ್ಲಿರುವಾಗಲೇ ಜಾಲರಿಯ ಕಡೆ ಅವರ ಕಣ್ಣು ಹೋಯಿತು. ಕಳೆಯ ನಡುವೆ ಬೆಳ್ಳಗೆ ಏನೋ ಮಿಡುಕುತ್ತಿತ್ತು. ಉಗುರಿನಷ್ಟು ದೊಡ್ಡ ಮೀನಿನ ಮರಿಗಳು.

ಅವರು ಅನ್ನದ ಡಬ್ಬಿಯನ್ನು ಹಲಗೆಯ ಮೇಲೆ ಇಟ್ಟರು. ಅದೇ ಮುಚ್ಚಳದಲ್ಲಿ ಹೊಳೆಯ ನೀರು ಮೊಗೆದು, ಕಳೆಯನ್ನು ಎಳೆ ಎಳೆಯಾಗಿ ಬಿಡಿಸಿ, ಒಂದೊಂದೇ ಮರಿಯನ್ನು ಅದಕ್ಕೆ ಹಾಕಿ, ಬಗ್ಗಿ ಹೊಳೆಗೆ ಬಿಡತೊಡಗಿದರು. ಕಳೆಯನ್ನು ಹಿಡಿದು ಒಂದೇ ಸಲ ಕಿತ್ತೆಸೆದಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು. ನನ್ನ ಬಾಯಿಗೆ ಬಂದೇಬಿಟ್ಟಿತ್ತು, ಗಿರಿಜಕ್ಕ ನನ್ನ ಕೈ ಅದುಮಿದಳು. “ಟೀಚರ್, ಬಿಡಿ. ನಾನು ಹೊರುವ ಮೀನಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟದ್ದಿಲ್ಲ” ಎಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಕೊನೆಯ ಮರಿಯನ್ನು ಬಿಟ್ಟು, ಜಾಲರಿಯನ್ನು ಕಿತ್ತು, ಅದರ ಜಾಗಕ್ಕೆ ತಮ್ಮ ಹತ್ಯಾರಿನ ಚೀಲದಲ್ಲಿದ್ದ ಸ್ವಲ್ಪ ದೊಡ್ಡ ಕಣ್ಣಿನ, ಆದರೂ ಮರಿ ತೂರದ ಜಾಲರಿಯೊಂದನ್ನು ಕತ್ತರಿಸಿ ಕೂರಿಸಿದರು. ಮುಚ್ಚಳ ತಿರುಪಿ ತಲೆಯೆತ್ತುವಾಗ ಪಡುವಣದಲ್ಲಿ ಬರೀ ಕೆಂಪು ಇತ್ತು. ದಡದ ಮಸೀದಿಯಿಂದ ಬಾಂಗ್ ಕೇಳಿತು. ನಮಗೆಲ್ಲ ಕೇಳಿತು, ಹಮೀದಾಕನಿಗೆ ಕೇಳಲಿಲ್ಲ. ಅವರು ಇಂಜಿನ್ ಮುಟ್ಟಿ ಮುಟ್ಟಿ ಬಿಸಿ ನೋಡುತ್ತಿದ್ದರು.

ಭುಜಬಲಿಯಣ್ಣ ಅವರ ಭುಜ ತಟ್ಟಿ, ಕಿವಿಯ ಹತ್ತಿರ ಬಾಯಿಟ್ಟು ಗಟ್ಟಿಯಾಗಿ ಹೇಳಿದರು. “ಬಾಂಗ್ ಆಯ್ತು ಹಮೀದಾಕ. ಖರ್ಜೂರ ತಿನ್ನಿ.”

ಹಮೀದಾಕ ಜೇಬಿನ ಪೊಟ್ಟಣಕ್ಕೆ ಕೈ ಹಾಕಿದವರು, ಹಲಗೆಯ ಮೇಲೆ ತೆರೆದಿದ್ದ ಅನ್ನದ ಡಬ್ಬಿಯನ್ನು ಕಂಡರು. ಕೈ ಹಿಂದಕ್ಕೆ ಬಂತು. “ನೀವು ಹೊಟ್ಟೆಗಿಲ್ಲದೆ ಕೂತಿರುವಾಗ ನಾನು ತಿನ್ನುವುದು ಹೇಗೆ?”

“ನಿಮ್ಮದು ಈಗ ತಿನ್ನುವ ಹೊತ್ತು, ನನ್ನದು ತಿನ್ನದ ಹೊತ್ತು. ಎರಡೂ ಸರಿ ಉಂಟು. ನೀವು ತಿನ್ನದಿದ್ದರೆ ಎರಡೂ ಹಾಳು” ಎಂದು ಭುಜಬಲಿಯಣ್ಣ ಪೊಟ್ಟಣದಿಂದ ಖರ್ಜೂರ ತೆಗೆದು ಅವರ ಅಂಗೈಗೆ ಇಟ್ಟರು. ಹಮೀದಾಕ ತಿಂದರು. ಕಣ್ಣು ತುಂಬಿತ್ತು. ಕೀ ತಿರುಗಿಸಿದಾಗ ಹಾರ್ನ್ ಒಮ್ಮೆ ಕೂಗಿ ಸುಮ್ಮನಾಯಿತು. ಇಂಜಿನ್ ಹಿಡಿಯಿತು.

ಕಟ್ಟೆಯ ಮೇಲೆ ಪಂಚಾಯತಿ ಮೆಂಬರರೇ ಕೂತಿದ್ದರು. “ಎಂತ ಹಮೀದ್, ನಡುನೀರಿನಲ್ಲಿ ನಿಂತದ್ದು? ಇಂಜಿನ್ ಕೈ ಕೊಟ್ಟಿತಾ?” ಎಂದು ಕೇಳಿಯೇಬಿಟ್ಟರು. ಹಮೀದಾಕ ಬಾಯಿ ತೆರೆಯುವ ಮೊದಲು ಗಿರಿಜಕ್ಕ ಖಾಲಿ ಬುಟ್ಟಿ ತಲೆಗೇರಿಸುತ್ತ, “ಎಂತದೂ ಇಲ್ಲ ಧನಿಗಳೇ. ಮೂಡುಬಿದಿರೆಯವರು ಊಟಕ್ಕೆ ಕೂತದ್ದು. ಹೊತ್ತು ಮುಳುಗುವುದರೊಳಗೆ ಅವರಿಗೆ ಆಗಬೇಕಲ್ಲ, ಹಾಗೆ ನಿಲ್ಲಿಸಿದ್ದು” ಎಂದಳು. ದೋಣಿಯಲ್ಲಿದ್ದವರೆಲ್ಲ ಹೌದು ಹೌದು ಎಂದರು. ನಾನೂ ಎಂದೆ. ಮೆಂಬರರು ಭುಜಬಲಿಯಣ್ಣನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿ, “ಒಳ್ಳೆ ಗಿರಾಕಿ ಮಾರಾಯ್ರೆ ನೀವು. ನಿಮ್ಮ ಊಟಕ್ಕೆ ಹೊಳೆ ಕಾಯಬೇಕಾ?” ಎಂದು ಹೊಟ್ಟೆ ಹಿಡಿದು ನಕ್ಕರು.

ಭುಜಬಲಿಯಣ್ಣ, “ಏನು ಮಾಡುವುದು, ಅಭ್ಯಾಸ” ಎಂದರು. ಮುಟ್ಟದ ಅನ್ನದ ಡಬ್ಬಿಯನ್ನು ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿ, ಒಂದು ಗುಟುಕು ನೀರೂ ಇಲ್ಲದೆ ಸಿದ್ಧಕಟ್ಟೆ ಮಾರ್ಗವಾಗಿ ಹೊರಟುಹೋದರು. ಆಮೇಲೆ ಬಹಳ ದಿನ ನಮ್ಮ ಕಡವಿನಲ್ಲಿ ಅವರ ಹೆಸರು ‘ಹೊಳೆ ನಿಲ್ಲಿಸಿ ಉಂಡವರು’ ಎಂದೇ ಇತ್ತು. ಯಾರು ತಮಾಷೆ ಮಾಡಿದರೂ ಅವರು ನಗುವರು. ಒಮ್ಮೆಯೂ ತಿದ್ದಲಿಲ್ಲ.

ಕೊನೆಯ ಸಲ ನಾನು ಅವರನ್ನು ನೋಡಿದ್ದು ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ, ಅಂಗಡಿಯಲ್ಲಿ. ಆಕಾಶದ ತುಂಬ ಮೋಡ, ಸೂರ್ಯನ ಸುಳಿವಿಲ್ಲ. ಆದರೂ ಬಾಗಿಲಿಗೆ ಬಂದು ಅಂದಾಜಿನ ಮೇಲೆ ಕೈ ಚಾಚಿದರು. “ಮೋಡದ ಹಿಂದೆ ಇದ್ದಾನೆ, ಐದು ಬೆರಳು” ಎಂದು ನಮ್ಮ ತವರಿನ ಸ್ಕೂಟರಿನ ಕೆಲಸ ಹಿಡಿದರು. “ಕೂಗ್ತಾ ಉಂಟಾ ಟೀಚರ್?” ಎಂದು ಕೇಳಿದರು. ದಿನಾ ಬೆಳಿಗ್ಗೆ ಎಂದೆ. ಇನ್ನೂ ಏನೋ ಮಾತಾಡಬೇಕೆಂದಿದ್ದೆ, ಮಳೆ ಬಂದೀತೆಂದು ಹೊರಟುಬಿಟ್ಟೆ. ಅದಾಗಿ ಸ್ವಲ್ಪ ದಿನಕ್ಕೆ ಪದ್ಮಕ್ಕ ಫೋನು ಮಾಡಿದರು. ಸಂಜೆ ಊಟ ಮುಗಿಸಿ, ಡಬ್ಬಿ ತೊಳೆದಿಟ್ಟು, ಬ್ಯಾಟರಿಗಳ ನಡುವೆ ಗೋಡೆಗೆ ಒರಗಿದವರು ಏಳಲಿಲ್ಲವಂತೆ. “ಊಟ ಆಗಿತ್ತು ಟೀಚರ್, ನೀರೂ ಕುಡಿದಿದ್ದರು” ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು ಪದ್ಮಕ್ಕ.

ದೋಣಿ ಈಗಲೂ ನಡೆಯುತ್ತಿದೆ. ಹಮೀದಾಕನಿಗೆ ಕಿವಿ ಇನ್ನಷ್ಟು ಹೋಗಿದೆ, ಆ ಹಾರ್ನ್ ಮಾತ್ರ ಕೇಳುತ್ತದೆ. ಸಂಜೆಯ ಕೊನೆಯ ದೋಣಿಗೆ ಜನ ಹತ್ತಿ ಕೂತ ಮೇಲೆ ಅವರು ಕೂಡಲೇ ಹೊರಡುವುದಿಲ್ಲ. ಪಡುವಣಕ್ಕೆ ತೋಳು ನೀಡಿ, ಒಂದು ಕಣ್ಣು ಮುಚ್ಚಿ, ಬೆರಳು ಅಡ್ಡ ಹಿಡಿದು ನೋಡುತ್ತಾರೆ. ಅಳತೆ ಅವರಿಗೆ ಇನ್ನೂ ಸರಿ ಬರುವುದಿಲ್ಲ, ಬೆರಳುಗಳ ನಡುವೆ ಸಂದು ಬಿಡುತ್ತಾರೆ. ನೋಡಿ ಮುಗಿದ ಮೇಲೆ ನನ್ನ ಕಡೆ ತಿರುಗಿ, “ಈಗ ಅವರದ್ದು ಊಟ ಆಗಿರಬೇಕಲ್ವಾ ಟೀಚರ್?” ಎಂದು ಕೇಳುತ್ತಾರೆ.

ಮೆಲ್ಲಗೆ ಹೇಳಿದರೆ ಅವರಿಗೆ ಕೇಳುವುದಿಲ್ಲ. ದೋಣಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ನಾನು ಹೇಳುತ್ತೇನೆ. “ಆಗಿದೆ ಹಮೀದಾಕ. ನೀರೂ ಕುಡಿದಿದ್ದಾರೆ.”

ಆಮೇಲೆ ಅವರು ಕೀ ತಿರುಗಿಸುತ್ತಾರೆ.